ಅರ್ಧ ಕೆಂಪು, ಅರ್ಧ ಕರಿ ನೆಲದ ಆಟ

ಬೀದರಿನಿಂದ ಔರಾದಕ್ಕೆ ಹೊರಟ ಬಸ್ಸು ಇಳಿಜಾರು ಮುಗಿಸಿ ಮಾಂಜ್ರಾ ನದಿಯ ಕಡೆಗೆ ತಿರುಗುತ್ತಿದ್ದಂತೆ ರಸ್ತೆ ಬಿಟ್ಟು ಹೊಲಕ್ಕಿಳಿದು ಕೆಸರಿನಲ್ಲಿ ಹೂತುಕೊಂಡಿತು. ಎದುರಿಗೆ ಬಂದ ಎತ್ತಿನ ಬಂಡಿಗೆ ದಾರಿ ಕೊಡಲು ಹೋಗಿ ಡ್ರೈವರ್ ಮಾಡಿಕೊಂಡ ಫಜೀತಿ ಅದು. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಗಂಡಸರೆಲ್ಲ ಇಳಿದು ದಬ್ಬಬೇಕು ಎಂದು ಕಂಡಕ್ಟರ್ ಕೂಗಿದ. ನಾನೂ ಏಳುವುದನ್ನು ನೋಡಿ, "ನೀವು ಕೂಡ್ರಿ ಅಜ್ಜಾರ, ಜಾರಿ ಬಿದ್ದೀರಿ" ಎಂದ. ಎರೆಮಣ್ಣಿನಲ್ಲಿ ಜಾರಿ ಬೀಳುತ್ತೇನೆಂದು ನನಗೆ ಹೇಳುವುದೇ? ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೇ ಬಿಟ್ಟೆ.

ಕಾಲ ಬೆರಳುಗಳ ಸಂದಿಯಿಂದ ಆ ತಣ್ಣನೆಯ ಕರಿ ಕೆಸರು ಮೇಲೆ ಬಂದಾಗ, ಅದರ ಹಸಿ ವಾಸನೆ ಮೂಗಿಗೆ ಹೊಡೆದಾಗ, ದಬ್ಬುವುದು ಮರೆತು ನಿಂತುಬಿಟ್ಟೆ. ಬೂಟು ಹಾಕಿಕೊಂಡಿದ್ದ ಒಬ್ಬ ಪಡ್ಡೆ ಹುಡುಗ ನನ್ನ ಪಕ್ಕದಲ್ಲೇ ಒದ್ದಾಡುತ್ತಿದ್ದ. ಅವನ ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡಿತ್ತು. ನನಗೆ ನಗು ತಡೆಯಲಾಗಲಿಲ್ಲ. ಏನಾಯಿತು ಎಂದು ಅವನು ಕೇಳಿದ. ಬಸ್ಸು ಮೇಲೆ ಬರುವವರೆಗೂ ಹೇಳಿದೆ, ಬಸ್ಸು ಹತ್ತಿದ ಮೇಲೂ ಹೇಳಿದೆ. ಆದರೂ ಔರಾದ ಬಂದಾಗ ಕಥೆ ಮುಗಿದಿರಲಿಲ್ಲ. ಉಳಿದದ್ದನ್ನು ಇಲ್ಲಿ ಮುಗಿಸುತ್ತೇನೆ.

ಆಗ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಔರಾದದ ಬಜಾರಿನಲ್ಲಿ ಮರಾಠಿ, ಜಗಳಕ್ಕೆ ನಿಂತರೆ ಮೂರೂ. ನಾನು ಎಕಂಬಾದ ಒಕ್ಕಲಿಗರ ಮನೆಯ ಹುಡುಗ. ಔರಾದದ ಸರಕಾರಿ ಶಾಲೆಗೆ ನಡೆದು ಹೋಗುತ್ತಿದ್ದೆ. ಶಾಲೆಗೆ ಹೋಗಲು ನನಗಿದ್ದ ನಿಜವಾದ ಕಾರಣ ಒಂದೇ, ಫುಟ್ಬಾಲು. ನಮ್ಮ ಮಾಧವರಾವ ಮಾಸ್ತರರು ಹೈದರಾಬಾದಿನಲ್ಲಿ ಓದುವಾಗ ಆ ಆಟದ ಹುಚ್ಚು ಹಚ್ಚಿಕೊಂಡು ಬಂದಿದ್ದರು. ಅವರು ತಂದ ಚರ್ಮದ ಚೆಂಡು ಮಳೆಗಾಲದಲ್ಲಿ ನೀರು ಕುಡಿದು ಕುಂಬಳಕಾಯಿಯಷ್ಟು ಭಾರವಾಗುತ್ತಿತ್ತು. ಅದನ್ನು ತಲೆಯಿಂದ ಹೊಡೆದವನು ಆಮೇಲೆ ಸ್ವಲ್ಪ ಹೊತ್ತು ತನ್ನ ಹೆಸರು ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು.

ನಮ್ಮ ಕ್ಯಾಪ್ಟನ್ ಕಾಸಿಮ. ಅವನದು ಅರಳೆ ಹಿಂಜುವವರ ಮನೆತನ. ಆ ವರ್ಷ ಮುಗಿದರೆ ಶಾಲೆ ಬಿಟ್ಟು ಅಪ್ಪನ ಜೊತೆ ಊರೂರು ತಿರುಗಿ ಗಾದಿಗೆ ಅರಳೆ ಹಿಂಜಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದಕ್ಕೆ ಅವನ ತಕರಾರೇನೂ ಇರಲಿಲ್ಲ. ಅದಕ್ಕೂ ಮುಂಚೆ ಬೀದರದ ಕಿಲ್ಲೆಯ ಮೈದಾನದಲ್ಲಿ ಒಂದೇ ಒಂದು ಸಲ ಆಡಬೇಕು ಎಂಬುದಷ್ಟೇ ಅವನ ಆಸೆ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಎರಡು ಶಾಲೆಗಳ ನಡುವೆ ದೊಡ್ಡ ಆಟ ನಡೆಯುತ್ತಿತ್ತು. ಗೆದ್ದವರು ಹೈದರಾಬಾದಿಗೆ ಹೋಗಿ ಅಲ್ಲಿನ ಕಾಲೇಜು ಹುಡುಗರ ಜೊತೆ ಆಡಬಹುದಿತ್ತು. ಆ ಎರಡು ಶಾಲೆ ಯಾವವು ಎಂದು ಹೇಳುವುದು ಬೀದರದ ಒಂದು ಕಮಿಟಿ. ಮೈದಾನ ಕಾಣದ ಕುರ್ಚಿಗಳ ಮೇಲೆ ಕೂತು, ಚಹಾ ಕುಡಿಯುತ್ತ ಹೇಳುತ್ತಿತ್ತು.

ಈಗ ಒಂದು ಮಾತು ತಿಳಿಸಬೇಕು, ಇಲ್ಲದಿದ್ದರೆ ನಮ್ಮ ಜಗಳ ಅರ್ಥವಾಗುವುದಿಲ್ಲ. ಬೀದರ ಪಟ್ಟಣ ಇರುವುದು ಎತ್ತರದ ಕೆಂಪು ಕಲ್ಲಿನ ಮೇಲೆ. ಅಲ್ಲಿ ಎಷ್ಟೇ ಮಳೆ ಬಿದ್ದರೂ ತಾಸಿನೊಳಗೆ ನೀರು ಇಂಗಿ ನೆಲ ಗಟ್ಟಿಯಾಗುತ್ತದೆ. ಚೆಂಡು ಪುಟಿಯುತ್ತದೆ, ಓಡುತ್ತದೆ. ಅಲ್ಲಿ ಒಂದು ಆಟದಲ್ಲಿ ಐದಾರು ಗೋಲು ಬೀಳುವುದು ಏನೂ ದೊಡ್ಡದಲ್ಲ. ನಮ್ಮ ಔರಾದ, ಆ ಕಡೆ ಭಾಲ್ಕಿ, ಎಲ್ಲ ಎರೆ ಭೂಮಿ. ಮಳೆ ಹಿಡಿದರೆ ಚೆಂಡು ಬಿದ್ದಲ್ಲೇ ಕೂರುತ್ತದೆ, ಒದ್ದರೆ ಮೊಳದಷ್ಟು ದೂರ ಹೋಗಿ ಮತ್ತೆ ಕೂರುತ್ತದೆ. ಅದಕ್ಕೆ ನಾವು ಚೆಂಡನ್ನು ಒದೆಯುತ್ತಿರಲಿಲ್ಲ, ಎಬ್ಬಿಸುತ್ತಿದ್ದೆವು. ಬರಿಗಾಲ ಬೆರಳುಗಳನ್ನು ಕೆಸರಿನೊಳಗೆ ಚೆಂಡಿನ ಅಡಿಗೆ ತೂರಿಸಿ ಮೇಲಕ್ಕೆ ಚಿಮ್ಮಿಸುವುದು. ಗಾಳಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಅದು ನಮ್ಮ ಮಾತು ಕೇಳುತ್ತಿತ್ತು. ಹೀಗೆ ಒದ್ದಾಡಿ ಇಡೀ ಆಟಕ್ಕೆ ಒಂದು ಗೋಲು ಬಿದ್ದರೆ ಊರೇ ಕುಣಿಯುತ್ತಿತ್ತು.

ಆ ವರ್ಷ ಮಳೆ ಕೈಬಿಡದೆ ಬಂತು. ನಾವು ಒಂದು ಆಟವನ್ನೂ ಸೋಲಲಿಲ್ಲ. ಹೆಮ್ಮೆಯಿಂದ ಹೇಳುತ್ತೇನೆ, ಒಂದನ್ನೂ ಸೋಲಲಿಲ್ಲ. ನದಿ ದಾಟಿ ಭಾಲ್ಕಿಗೆ ಹೋಗಿ ಅವರ ಊರಿನಲ್ಲೇ ಅವರನ್ನು ಒಂದು ಗೋಲಿನಿಂದ ಹೊಡೆದು ಬಂದೆವು. ಬೀದರದಲ್ಲಿ ಎರಡು ಶಾಲೆ. ಕಿಲ್ಲೆಯ ಕಡೆಯದನ್ನು ಕಿಲ್ಲೆ ಶಾಲೆ, ಪೇಟೆಯದನ್ನು ಬಜಾರ ಶಾಲೆ ಎನ್ನುತ್ತಿದ್ದೆವು. ಇಬ್ಬರಿಗೂ ಮಾಸ್ತರರು ಹೇಳಿಕಳಿಸಿದರು, ಬಂದು ಆಡಿ ಎಂದು. ನದಿ ತುಂಬಿದೆ, ದಾರಿ ಕೆಟ್ಟಿದೆ ಎಂದು ಇಬ್ಬರಿಂದಲೂ ಉತ್ತರ ಬಂತು. ನದಿ ನಮಗೂ ತುಂಬಿಯೇ ಇತ್ತು, ನಾವು ಹರಗೋಲಿನಲ್ಲಿ ಕೂತು ಭಾಲ್ಕಿಗೆ ಹೋಗಿ ಬಂದಿರಲಿಲ್ಲವೇ?

ಮಳೆಗಾಲ ಇಳಿಯುತ್ತಿದ್ದಂತೆ ಕಮಿಟಿಯ ನಿರ್ಧಾರ ಹೊರಬಿತ್ತು. ದೊಡ್ಡ ಆಟ ಕಿಲ್ಲೆ ಶಾಲೆಗೂ ಬಜಾರ ಶಾಲೆಗೂ. ವರ್ಷದಲ್ಲಿ ಅತಿ ಹೆಚ್ಚು ಗೋಲು ಹೊಡೆದ ಎರಡು ಶಾಲೆ ಅವೇ ಎಂದು ಕಾರಣ ಕೊಟ್ಟಿದ್ದರು. ಕಾಸಿಮ ಅದನ್ನು ಕೇಳಿದವನೇ ಶಾಲೆಯ ಹಿಂದೆ ಹೋಗಿ ಬೇವಿನ ಮರಕ್ಕೆ ಒರಗಿ ಕೂತ. ಸಂಜೆಯವರೆಗೂ ಏಳಲಿಲ್ಲ. ಮಾಸ್ತರರು ಅವನ ಹತ್ತಿರ ಹೋಗಿ, "ಏಳಪ್ಪಾ, ನಾಳಿ ಬೀದರಕ್ಕ ಹೋಗೋಣು. ಕೇಳೋದಕ್ಕೇನು ಅಡ್ಡಿಲ್ಲ" ಎಂದರು. ಕಾಸಿಮನ ಜೊತೆಗೆ ನನ್ನನ್ನೂ ಕರೆದುಕೊಂಡರು. ಯಾಕೆಂದರೆ ನನ್ನ ಬಾಯಿ ದೊಡ್ಡದು ಎಂದು ಅವರಿಗೆ ಗೊತ್ತಿತ್ತು.

ಕಮಿಟಿ ಸೇರುತ್ತಿದ್ದುದು ಬೀದರದ ಒಬ್ಬ ಡಾಕ್ಟರ್ ಸಾಹೇಬರ ಮನೆಯ ಪಡಸಾಲೆಯಲ್ಲಿ. ಅಧ್ಯಕ್ಷರು ಕೆಲಸದಿಂದ ನಿವೃತ್ತರಾದ ಒಬ್ಬ ಪೇಶಕಾರರು. ಕಂದಾಯದ ಕಚೇರಿಯಲ್ಲಿ ಆಯುಷ್ಯ ಕಳೆದ, ಬಿಳಿ ಗಡ್ಡದ, ತೂಕದ ಮನುಷ್ಯ. ಕಾಸಿಮ ತಲೆಬಾಗಿ ಸಲಾಂ ಮಾಡಿ, ತಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತನ್ನು ಹೇಳಿದ. "ಸಾಹೇಬ್ರ, ಭಾಲ್ಕಿಯವ್ರು ಬಜಾರ ಸಾಲಿ ಜೋಡಿ ಸಮ ಆಡ್ಯಾರ. ನಾವು ಭಾಲ್ಕಿಯವ್ರನ್ನ ಹೊಡ್ದೇವಿ. ಅಂದ ಮ್ಯಾಲ ನಾವು ಬಜಾರ ಸಾಲಿಗಿಂತ ಹೆಚ್ಚಿನವ್ರು ಆದೇವಲ್ಲರಿ?"

ಡಾಕ್ಟರರು ನಕ್ಕರು. "ಬೇಟಾ, ಹಿಂಗ ಬಳಗ ಜೋಡ್ಸಕೋತ ಹೋದ್ರ ನಾನೂ ಯಾವ್ದೋ ನವಾಬರ ಬೀಗ ಆಗ್ತೇನಿ. ಗೋಲು ಅಂದ್ರ ಗೋಲು. ಎಣಸ್ಲಾಕ ಬರ್ತದ. ಅದ್ರಾಗ ಯಾರ ಮುಲಾಜೂ ಇಲ್ಲ. ಗೋಲು ಬಿಟ್ರ ಒಬ್ಬ ಕೆಸರಂತಾನ, ಒಬ್ಬ ಗಾಳಿ ಅಂತಾನ, ಇನ್ನೊಬ್ಬ ನಮ್ಮವ್ವಗ ಮೈಯಾಗ ಹುಷಾರಿರ್ಲಿಲ್ಲ ಅಂತಾನ. ಯಾರದಂತ ಕೇಳೋಣು?"

ಡಾಕ್ಟರರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮಾಸ್ತರರ ಮುಖ ಸಪ್ಪಗಾಯಿತು. ಕಾಸಿಮ ನೆಲ ನೋಡತೊಡಗಿದ. ನನಗೆ ಎಲ್ಲಿತ್ತೋ ಸಿಟ್ಟು, ಮಾಸ್ತರರು ಅಂಗಿ ಹಿಡಿದು ಎಳೆಯುತ್ತಿದ್ದರೂ ಪೇಶಕಾರರ ಕಡೆ ತಿರುಗಿಬಿಟ್ಟೆ.

"ಸಾಹೇಬ್ರ, ನೀವು ಕಂದಾಯದಾಗ ಇದ್ದವ್ರು. ನಮ್ಮ ಕರಿ ಹೊಲಕ್ಕ, ಇಲ್ಲಿ ಕೆಂಪು ಹೊಲಕ್ಕ ಸರಕಾರ ಒಂದೇ ಕಂದಾಯ ಹಚ್ತದೇನ್ರಿ?"

"ಇಲ್ಲ. ಎರಿ ನೆಲಕ್ಕ ಹೆಚ್ಚು, ಕೆಂಪಿಗೆ ಕಮ್ಮಿ" ಎಂದರು ಅವರು.

"ಯಾಕ್ರಿ?"

"ಬೆಳಿ ಹೆಚ್ಚು ಕಮ್ಮಿ ಬರ್ತದಲ್ಲೋ ಅದಕ್ಕ."

"ಹಂಗಾದ್ರ ಗೋಲಿನ ಬೆಳಿ ಎಲ್ಲಾ ಮಣ್ಣಾಗೂ ಒಂದೇ ಹ್ಯಾಂಗ ಬರ್ತದರಿ? ಜ್ವಾಳ ಬೆಳ್ಯಾಗ ಮಣ್ಣು ನೋಡ್ತೀರಿ, ನಮ್ಮ ಆಟಕ್ಕ ಯಾಕ ನೋಡಂಗಿಲ್ಲ?"

ಈಗ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಪೇಶಕಾರರು ಮೊದಲು ಕಣ್ಣು ಕೆಂಪಗೆ ಮಾಡಿದರು, ಆಮೇಲೆ ಗಡ್ಡ ನೀವಿಕೊಂಡರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಮಾಸ್ತರ್, ಈ ಪೋರನ್ನ ಎಲ್ಲಿಂದ ಹಿಡ್ಕೊಂಡ ಬಂದೀರಿ? ಇವ ವಕೀಲ ಆಗ್ಲಿ, ಇಲ್ಲಾ ಜೇಲಿಗಿ ಹೋಗ್ಲಿ, ನಡೂವ ಎಲ್ಲೀ ನಿಲ್ಲಂಗಿಲ್ಲ." ನಾನು ಎರಡೂ ಆಗಲಿಲ್ಲ, ಅದು ಬೇರೆ ಮಾತು. ಆದರೆ ಆ ದಿನ ಹೊಗಳಿಸಿಕೊಂಡದ್ದನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಬಜಾರ ಶಾಲೆಯೂ ನಾವೂ ಒಂದು ಆಟ ಆಡುವುದು, ಗೆದ್ದವರು ದೊಡ್ಡ ಆಟಕ್ಕೆ ಹೋಗುವುದು ಎಂದು ಪೇಶಕಾರರು ಹೇಳಿದರು. ಎಲ್ಲಿ ಆಡುವುದು ಎಂದು ಮತ್ತೆ ಜಗಳ ಹತ್ತಿತು. ಬೀದರದಲ್ಲಾದರೆ ನಾವು ಒಲ್ಲೆವು. ಔರಾದದಲ್ಲಾದರೆ, ಆ ಕೆಸರಿನ ಹುದಲಿನಲ್ಲಿ ಬೀದರದ ಹುಡುಗರಿಗೆ ಅನ್ಯಾಯವಾಗುತ್ತದೆ ಎಂದು ಡಾಕ್ಟರರು ಪಟ್ಟು ಹಿಡಿದರು. ಅದೂ ಖರೆಯೇ. ಪೇಶಕಾರರು ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ಒಮ್ಮೆಲೇ ತೊಡೆ ತಟ್ಟಿಕೊಂಡು ಎದ್ದರು.

"ಔರಾದದ ದಾರ್ಯಾಗ ಇಳಿಜಾರು ಮುಗಿಯೋ ಕಡಿ ಒಂದು ಬೀಳು ಹೊಲ ಅದ. ಅರ್ಧ ಕೆಂಪು, ಅರ್ಧ ಕರಿ. ಅದನ್ನ ಅಳದವ ನಾನೇ. ಒಂದೇ ಹೊಲಕ್ಕ ಎರಡು ದರ ಹಚ್ಚೇನಿ. ಗೆರಿ ಹೊಡದಂಗ ನಡೂವ ಬಣ್ಣ ಬದಲಾಗ್ತದ. ಒಂದು ಗೋಲಿನ ಕಂಬ ಕೆಂಪಿನಾಗ, ಇನ್ನೊಂದರದು ಕರಿಯಾಗ. ಅರ್ಧ ಆಟಕ್ಕ ಬಾಜು ಬದಲು. ಇನ್ನ ಯಾರರೆ ತಕರಾರು ಅಂದ್ರ ನಾ ಕಮಿಟಿ ಬಿಟ್ಟೆ."

ಯಾರೂ ತಕರಾರು ಎನ್ನಲಿಲ್ಲ. ಜಗತ್ತಿನಲ್ಲಿ ಎಷ್ಟೋ ದೊಡ್ಡ ಮೈದಾನಗಳು ಇರಬಹುದು. ನ್ಯಾಯಕ್ಕಾಗಿ ಮಣ್ಣು ನೋಡಿ ಆರಿಸಿದ ಮೈದಾನ ಅದೊಂದೇ ಎಂದು ನನ್ನ ನಂಬಿಕೆ. ಅಲ್ಲ ಎನ್ನುವವರು ಬಂದು ನನ್ನ ಜೊತೆ ವಾದ ಮಾಡಲಿ.

ಆಟದ ಹಿಂದಿನ ದಿನ ಹದವಾದ ಮಳೆ ಬಂತು. ಬೆಳಿಗ್ಗೆ ನಾವು ಹೊಲ ತಲುಪುವಷ್ಟರಲ್ಲಿ ಕೆಂಪು ಭಾಗ ಆರಿ ಗಟ್ಟಿಯಾಗಿತ್ತು. ಕರಿ ಭಾಗ ನಮ್ಮನ್ನೇ ಕಾಯುತ್ತಿತ್ತು. ನಮಗೆ ಸೋತಿದ್ದ ಭಾಲ್ಕಿಯ ಹುಡುಗರು ಹಲಗೆ ಬಾರಿಸುತ್ತ ಬಂದಿದ್ದರು. ಕರಿ ಮಣ್ಣಿನವರು ಗೆದ್ದರೆ ತಾವೂ ಗೆದ್ದಂತೆ ಎಂದು ಅವರ ಹಿಗ್ಗು. ನಾವು ಸಾಲಾಗಿ ಕೂತು ಮೊಣಕಾಲಿನವರೆಗೆ ಕುಸುಬಿ ಎಣ್ಣೆ ಸವರಿಕೊಂಡೆವು. ಹಸಿ ಎರೆ ಹೊಲಕ್ಕೆ ಇಳಿಯುವಾಗ ಮಣ್ಣು ಮೆತ್ತದಿರಲಿ ಎಂದು ನಮ್ಮ ಮನೆಯಲ್ಲಿ ಮಾಡುತ್ತಿದ್ದುದೇ ಅದು. ಡಾಕ್ಟರರು ನೋಡಿ, ಇದೇನು ಎಣ್ಣೆ, ಇದು ಆಟದ ಕಾಯದೆಯಲ್ಲಿ ಎಲ್ಲಿದೆ ಎಂದು ಕೂಗಿದರು. ಪೇಶಕಾರರು ಬಜಾರ ಶಾಲೆಯ ಹುಡುಗರ ಕಾಲು ತೋರಿಸಿ, "ಬೂಟು ನಡೀತದ ಅಂದ್ರ ಎಣ್ಣಿನೂ ನಡೀತದ" ಎಂದರು.

ಮೊದಲ ಅರ್ಧದಲ್ಲಿ ನಮ್ಮ ಗೋಲು ಕರಿ ಭಾಗದಲ್ಲಿತ್ತು. ಅವರು ಕೆಂಪಿನಲ್ಲಿ ಕುದುರೆಗಳ ಹಾಗೆ ಓಡಿ ಬರುವರು, ಬಣ್ಣ ಬದಲಾಗುವ ಗೆರೆ ದಾಟಿದೊಡನೆ ಎರಡು ಹೆಜ್ಜೆಗೆ ಬೂಟು ಭಾರವಾಗಿ ನಿಲ್ಲುವರು. ನಾವು ಚೆಂಡು ಕಸಿದು ಕೆಂಪಿಗೆ ಹೋದರೆ ನಮ್ಮ ಪಾಡು ಅದಕ್ಕಿಂತ ಕಡೆ. ಒದ್ದ ಚೆಂಡು ಎಲ್ಲಿ ಪುಟಿಯುತ್ತದೆಂದು ತಿಳಿಯದು, ಮುರುಮು ಕಲ್ಲಿನ ಹರಳು ಅಂಗಾಲಿಗೆ ಚುಚ್ಚುವುದು. ಯಾರಿಗೂ ಗೋಲು ಸಿಗಲಿಲ್ಲ.

ಬಾಜು ಬದಲಾಯಿತು. ಈಗ ನಮ್ಮ ಗೋಲು ಕೆಂಪಿನಲ್ಲಿ. ಅವರು ಬೇಗನೆ ಒಂದು ಹೊಡೆದರು. ಚೆಂಡು ನಮ್ಮ ಗೋಲು ಕಾಯುವ ಹುಡುಗನ ಮುಂದೆ ಬಿದ್ದು ಅವನ ತಲೆಯ ಮೇಲಿಂದ ಹಾರಿಹೋಯಿತು. ಅಂಥ ಪುಟಿತವನ್ನು ಆ ಹುಡುಗ ಜನ್ಮದಲ್ಲಿ ನೋಡಿರಲಿಲ್ಲ. ಕಾಸಿಮ ಅವನ ಹತ್ತಿರ ಹೋಗಿ, "ಹೋಗ್ಲಿ ಬಿಡು. ಅಲ್ಲಿ ನಮ್ಮ ಮಣ್ಣದ" ಎಂದಷ್ಟೇ ಹೇಳಿ ಕರಿ ಭಾಗದಲ್ಲಿ ಮೊಳಗುತ್ತಿದ್ದ ಹಲಗೆಯ ಸದ್ದಿನ ಕಡೆ ಓಡಿದ.

ಆಮೇಲೆ ನಡೆದದ್ದನ್ನು ಸಾವಕಾಶ ಹೇಳುವೆ, ಯಾಕೆಂದರೆ ಅದರಲ್ಲಿ ನಾನೂ ಇದ್ದೇನೆ. ಕರಿ ಭಾಗದಲ್ಲಿ ಅವರ ಗೋಲಿನ ಮುಂದೆ ನೀರು ನಿಂತ ಒಂದು ತಗ್ಗು. ಚೆಂಡು ಅದರಲ್ಲಿ ಕೂತಿತು. ಅವರ ಇಬ್ಬರು ಬಂದು ಒದ್ದರು, ಕೆಸರು ಹಾರಿತು, ಚೆಂಡು ಹಾರಲಿಲ್ಲ. ನಾನು ಬೆರಳು ತೂರಿಸಿ ಎಬ್ಬಿಸಿದೆ. ಅದು ಎದೆಯೆತ್ತರ ಎದ್ದಿತು, ಕಾಸಿಮ ತಲೆ ಕೊಟ್ಟ, ಗೋಲಾಯಿತು. ಸಮ. ಆಟ ಮುಗಿಯುವ ಹೊತ್ತಿಗೆ ಮತ್ತೆ ಅಲ್ಲೇ ಗುಂಪಾಯಿತು. ಅವರಲ್ಲೊಬ್ಬನ ಬೂಟು ಕೆಸರಿನಲ್ಲೇ ಉಳಿದು ಕಾಲು ಮಾತ್ರ ಹೊರಗೆ ಬಂತು. ಅವನು ಬೂಟು ಕೀಳುತ್ತಿರುವಾಗ ಕಾಸಿಮ ಅವನ ಪಕ್ಕದಿಂದಲೇ ಚೆಂಡು ಎಬ್ಬಿಸಿ, ಅದು ನೆಲಕ್ಕೆ ಬೀಳುವ ಮುಂಚೆ ಮತ್ತೊಮ್ಮೆ ಎಬ್ಬಿಸಿ ಒಳಗೆ ಹಾಕಿದ. ರೆಫ್ರಿ ಸೀಟಿ ಊದಿದ್ದು ಹಲಗೆಯ ಸದ್ದಿನಲ್ಲಿ ಕೇಳಲೇ ಇಲ್ಲ. ಮಾಧವರಾವ ಮಾಸ್ತರರು ಧೋತರ ಎತ್ತಿಕೊಂಡು ಕೆಸರಿನಲ್ಲಿ ಓಡಿ ಬಂದು ಜಾರಿ ಬಿದ್ದು, ಬಿದ್ದಲ್ಲಿಂದಲೇ ಚಪ್ಪಾಳೆ ತಟ್ಟಿದರು.

ದೊಡ್ಡ ಆಟದ ದಿನ ನಾವು ಕಿಲ್ಲೆಯ ಮೈದಾನಕ್ಕೆ ಹೊಕ್ಕಾಗ ಗೋಡೆಯ ಉದ್ದಕ್ಕೂ ಮಂದಿ ನಿಂತಿದ್ದರು. ನೆಲವೆಲ್ಲ ಕೆಂಪು. ಕಾಸಿಮ ಬಗ್ಗಿ ಆ ನೆಲವನ್ನು ಒಮ್ಮೆ ಕೈಯಿಂದ ಮುಟ್ಟಿದ. ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಸುತ್ತಿ ಬಳಸಿ ಹೇಳುವುದು ನನ್ನ ಸ್ವಭಾವವಲ್ಲ. ನಾವು ಸೋತೆವು. ಕಿಲ್ಲೆ ಶಾಲೆಯವರು ನಾಲ್ಕು ಗೋಲು ಹೊಡೆದರು, ನಾವು ಒಂದೂ ಇಲ್ಲ. ಅವರು ನಮಗಿಂತ ಚೆನ್ನಾಗಿ ಆಡಿದರು. ಕೆಂಪು ನೆಲದಲ್ಲಂತೂ ಬಹಳ ಚೆನ್ನಾಗಿ ಆಡಿದರು. ನಾವು ಕೊನೆಯ ಸೀಟಿಯವರೆಗೂ ಓಡಿದೆವು, ಯಾರೂ ನಡೆಯಲಿಲ್ಲ. ಕಾಸಿಮ ಮುರುಮಿನ ಮೇಲೆ ಬಿದ್ದು ಮೊಣಕಾಲು ಒಡೆದುಕೊಂಡಿದ್ದ. ರಕ್ತ ಪಾದದವರೆಗೆ ಇಳಿದಿತ್ತು.

ಆಟ ಮುಗಿದ ಮೇಲೆ ಡಾಕ್ಟರ್ ಸಾಹೇಬರು ಪೇಶಕಾರರ ಜೊತೆ ನಮ್ಮ ಹತ್ತಿರ ಬಂದರು. "ನೋಡಿದ್ರ್ಯಾ ಪೇಶಕಾರ್ ಸಾಬ್? ನಾಲ್ಕು ಗೋಲು. ಕಮಿಟ್ಯಾಗ ನಾ ಹೇಳಿದ್ದು ಇದೇ ಅಲ್ಲೇನು? ಅವತ್ತು ನನ್ನ ಮಾತು ಕೇಳಿದ್ರ ಪಾಪ, ಈ ಹುಡುಗ್ರಿಗೆ ಇಷ್ಟು ಮಂದಿ ಎದುರು ಅವಮಾನ ತಪ್ತಿತ್ತು" ಎಂದರು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಿಜವಾಗಿ ಮರುಕದಿಂದಲೇ ಹೇಳಿದರು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. ಆದರೆ ಕಾಸಿಮ ನನ್ನ ಭುಜ ಹಿಡಿದು ಎದ್ದು ನಿಂತ. ಸಿಟ್ಟಿಲ್ಲದೆ, ಮೆಲ್ಲಗೆ ಮಾತಾಡಿದ.

"ಡಾಕ್ಟರ್ ಸಾಬ್, ಅವತ್ತು ನಿಮ್ಮ ಪಡಸಾಲ್ಯಾಗ ನೀವು ನಮ್ಮನ್ನ ಕುಂತಲ್ಲೇ ಸೋಲ್ಸಿದ್ರಿ. ಅವಮಾನ ಅದು. ಇವತ್ತು ಕಿಲ್ಲೆ ಸಾಲ್ಯವ್ರು ಆಡಿ ಸೋಲಿಸ್ಯಾರ. ಇದು ಆಟ ಅದರಿ."

ಪೇಶಕಾರರು ಆ ಕಡೆ ಮುಖ ತಿರುಗಿಸಿ ಕಿಲ್ಲೆಯ ಗೋಡೆ ನೋಡತೊಡಗಿದರು. ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಆಮೇಲೆ ಆ ಬಿಳಿ ಪೈಜಾಮದಲ್ಲೇ ಕೆಂಪು ನೆಲದ ಮೇಲೆ ಮೊಣಕಾಲೂರಿ ಕೂತು, ತಮ್ಮ ಚೀಲ ತರಿಸಿ, ಕಾಸಿಮನ ಗಾಯದಿಂದ ಹರಳು ಒಂದೊಂದಾಗಿ ತೆಗೆದರು. ತೊಳೆದು ಪಟ್ಟಿ ಕಟ್ಟಿದರು. ಗಂಟು ಹಾಕುತ್ತ, ತಲೆ ಎತ್ತದೆ, "ಪೇಶಕಾರ್ ಸಾಬ್, ಮುಂದಿನ ವರ್ಷ ಬೀದರದ ಎರಡೂ ಸಾಲ್ಯವ್ರು ಔರಾದಕ್ಕ ಹೋಗಿ ಆಡ್ಬೇಕು, ಭಾಲ್ಕಿಗೂ ಹೋಗ್ಬೇಕು. ನದಿ ತುಂಬಿದ್ರೂ ಹೋಗ್ಬೇಕು. ಬೇಕಾದ್ರ ನಾನೇ ಕರ್ಕೊಂಡು ಹೋಗ್ತೇನಿ" ಎಂದರು. ಕಿಲ್ಲೆ ಶಾಲೆಯ ಕ್ಯಾಪ್ಟನ್ ಅಲ್ಲೇ ನಿಂತಿದ್ದ. ಬರುತ್ತೇವೆ ಎಂದು ಕಾಸಿಮನ ಕೈ ಹಿಡಿದ.

ಕಾಸಿಮ ಆ ಕೈಯನ್ನು ಬೇಗ ಬಿಡಲಿಲ್ಲ.

"ಮುಂದಿನ ವರ್ಷ ನಾ ಸಾಲ್ಯಾಗ ಇರಂಗಿಲ್ಲ" ಎಂದ. "ಆದ್ರೂ ನೀವು ಬರ್ರಿ."

ಮರುವರ್ಷ ಅವರು ಬಂದರು.